ಕಾವಿಗೆ ಹೋದ ಅಕ್ಷರ

ರಾಯಚೂರಿನ ತೀನ್ ಕಂದೀಲಿನ ಹತ್ತಿರ ಜಿಲಾನಿಯ ಅಂಗಡಿ.
ಗಲ್ಲಾಪೆಟ್ಟಿಗೆಗೆ ಸುತಳಿ ಕಟ್ಟಿ ಇಳಿಬಿಟ್ಟ ಒಂದು ಪ್ಯಾಡು.
ಪೆನ್ನು ಕೊಳ್ಳುವವರೆಲ್ಲ ಮೊದಲು ಅದರ ಮೇಲೆ ಗೀಚಿ ನೋಡಬೇಕು.
ಯಾರೋ ಓಂ ಬರೆದಿದ್ದಾರೆ, ಯಾರೋ ಏಳುನೂರ ಎಂಬತ್ತಾರು,
ಯಾರೋ ಸ್ಪ್ರಿಂಗಿನ ಹಾಗೆ ಸುತ್ತಿ ಸುತ್ತಿ
ಹಾಳೆಯನ್ನೇ ಹರಿದಿದ್ದಾರೆ.
ಒಬ್ಬನಂತೂ ತನ್ನದಲ್ಲದ ಸಹಿಯನ್ನು
ನಾಲ್ಕು ಸಲ ಕಲಿತು ಹೋಗಿದ್ದಾನೆ.

ನಾನು ಬರೆದೆ: ಹಂಪಮ್ಮ.
ಹತ್ತು ರೂಪಾಯಿಯದು ಹಂ ಅನ್ನುವಷ್ಟರಲ್ಲೇ ಕಕ್ಕಿತು.
ಜೆಲ್ ಪೆನ್ನು ಸೊನ್ನೆ ಸುತ್ತುವುದಕ್ಕೆ ಚಂದ,
ಒಣಗುವುದರೊಳಗೆ ಅಂಗೈ ಅಂಚೆಲ್ಲ ನೀಲಿ.
ಐದು ರೂಪಾಯಿಯ ಬಾಲ್‌ಪೆನ್ನು
ಒತ್ತಿದರಷ್ಟೇ ಮಾತಾಡುತ್ತದೆ, ನಮ್ಮ ಆಫೀಸಿನ ರೆಕಾರ್ಡ್ ರೂಮಿನವನ ಹಾಗೆ.

ನಲವತ್ತಮೂರನೆಯ ವಯಸ್ಸಿಗೆ ಅಕೌಂಟ್ಸ್ ಹೈಯರ್.
ಎರಡು ಸಲ ಬಿದ್ದವಳಿಗೆ ಪೆನ್ನಿನ ಮೇಲೆಯೇ ಸಂಶಯ.

‘ಇದು ನೋಡ್ರಿ ಮೇಡಂ, ಬರದು ತಿಕ್ಕಿದ್ರ ಹೋಗ್ತದ.’
ಬಾಲದ ರಬ್ಬರಿನಿಂದ ತಿಕ್ಕಿದೆ. ಹಂಪಮ್ಮ ಹೋದಳು.
ಕಲೆಯಿಲ್ಲ, ಪುಡಿಯಿಲ್ಲ,
ಹಾಳೆ ಸ್ವಲ್ಪ ಬೆಚ್ಚಗಾಗಿತ್ತು.
ನೂರಾಹತ್ತು ಕೊಟ್ಟೆ. ಜೊತೆಗೊಂದು ಹಳದಿ ಹೈಲೈಟರ್.

ಮೂರು ವಾರ ಬರೆದೆ, ತಿಕ್ಕಿದೆ, ಬರೆದೆ.
ಮುಖ್ಯ ಅನಿಸಿದ್ದಕ್ಕೆಲ್ಲ ಹಳದಿ ಎಳೆದೆ,
ಎಲ್ಲವೂ ಮುಖ್ಯ ಅನಿಸಿತು,
ಹಾಳೆ ಹೂಬಿಟ್ಟ ಕುಸುಬಿಯ ಹೊಲವಾಯಿತು.

ಮೇ ತಿಂಗಳು. ಆಫೀಸಿನ ಅಂಗಳದಲ್ಲಿ ಕಪ್ಪು ಸ್ಕೂಟಿ,
ಅದರ ಡಿಕ್ಕಿಯಲ್ಲಿ ನನ್ನ ನೋಟ್‌ಬುಕ್ಕು,
ಹನ್ನೊಂದರಿಂದ ನಾಲ್ಕೂವರೆಯವರೆಗೆ.
ಸಂಜೆ ತೆಗೆದರೆ
ಒಂದಕ್ಷರ ಇಲ್ಲ.
ಹಳದಿ ಪಟ್ಟಿಗಳಿದ್ದವು, ಎಳೆದಲ್ಲೇ, ನೆಟ್ಟಗೆ.
ಮುಖ್ಯ, ಮುಖ್ಯ, ಮುಖ್ಯ.
ಏನು ಅನ್ನುವುದಷ್ಟೇ ಇರಲಿಲ್ಲ.

ಸ್ಟೂಲಿನ ಮೇಲೆ ಕೂತು ಅತ್ತೆನೋ ಬೈದೆನೋ ನೆನಪಿಲ್ಲ.
ಜಿಲಾನಿ ಹಾಳೆಗಳನ್ನು ಬೆಳಕಿಗೆ ಹಿಡಿದ.
‘ಕಾವಿಗೆ ಹೋಗಿದ್ದು ಥಂಡಿಗೆ ಬರ್ತದ್ರಿ.
ನಮ್ಮ ಹುಡುಗ ಒಮ್ಮೆ ಮಾಡ್ಯಾನ. ತಾಯಪ್ಪನ ಕಡೆ ಹೋಗ್ರಿ.’

ತಾಯಪ್ಪ ಕುಲ್ಫಿಯವನು. ಡೀಪ್ ಫ್ರೀಜರಿನ ಮುಚ್ಚಳ ಎತ್ತಿ
ನನ್ನನ್ನೊಮ್ಮೆ, ಪುಸ್ತಕವನ್ನೊಮ್ಮೆ ನೋಡಿದ.
‘ಕ್ಯಾರಿಬ್ಯಾಗಿನ್ಯಾಗ ಹಾಕ್ರಿ ಅಕ್ಕ,
ಪಿಸ್ತಾ ವಾಸನಿ ಹಿಡಿತದ.’
ಮೂರು ದಿನಕ್ಕೆ ಪರೀಕ್ಷೆ. ಆ ರಾತ್ರಿ
ಕರೆಂಟು ಹೋದಾಗಲೆಲ್ಲ ಎದ್ದು ಕೂತೆ.
ಫ್ಯಾನಿಗಲ್ಲ.

ಬೆಳಿಗ್ಗೆ ಇಬ್ಬನಿ ಹತ್ತಿದ ಪುಸ್ತಕ ಬಿಚ್ಚಿದೆ.
ಬಂದಿದ್ದವು. ತಿಳಿಯಾಗಿ, ಹಳೆಯ ರಸೀದಿಯ ಹಾಗೆ.
ಆದರೆ ಬಂದವು ಅವಷ್ಟೇ ಅಲ್ಲ,
ನಾನು ತಿಕ್ಕಿ ಕಳಿಸಿದವೂ ಬಂದಿದ್ದವು:
ಸರಿ ಕೂಡಿಕೆಯ ಅಡಿಯಿಂದ ಇಣುಕುವ ತಪ್ಪು ಕೂಡಿಕೆ,
ಹಾಲಿನವಳಿಗೆ ಕೊಡಬೇಕಾದ ಇನ್ನೂರಾಅರವತ್ತು,
ಮತ್ತೆ, ಪ್ರಯಾಣ ಭತ್ಯೆಯ ಪುಟದಲ್ಲಿ,
ಬರೆದು ತಿಕ್ಕಿ, ಮತ್ತೆ ಬರೆದು ತಿಕ್ಕಿದ ಒಂದು ಅರ್ಜಿ:
ಮಾನ್ಯರೇ, ಈ ಸಲದ ಪಟ್ಟಿಯಿಂದ
ನನ್ನ ಹೆಸರು ಕೈಬಿಡಬೇಕಾಗಿ ವಿನಂತಿ.

ದಿನಭತ್ಯೆಯ ಮೇಲೆ ವಿನಂತಿ ಕೂತು
‘ದಿನಂತಿ’ ಅಂತ ಓದಿಸಿಕೊಂಡಿತು.
ಆ ಮೂರು ದಿನ ಹಾಗೆಯೇ ಓದಿದೆ,
ನಿಯಮದ ಸಂದಿಯಲ್ಲಿ ನನ್ನ ಪುಕ್ಕಲುತನವನ್ನೂ
ಬಾಯಿಪಾಠ ಮಾಡುತ್ತ.
ಹಾಲ್‌ನಲ್ಲಿ ಯಾವುದು ಯಾವುದೆಂದು ತಿಳಿಯದೆ
ಒಂದು ಉತ್ತರದ ಕೊನೆಗೆ ವಿನಂತಿ ಅಂತಲೇ ಬರೆದುಬಿಟ್ಟೆ,
ಹೊಡೆದುಹಾಕಿದೆ. ಬಾಲ್‌ಪೆನ್ನು, ಗೆರೆ ಉಳಿಯಿತು.

ಫಲಿತಾಂಶ ಇನ್ನೂ ಬಂದಿಲ್ಲ.

ನಿನ್ನೆ ರೀಫಿಲ್ಲಿಗೆಂದು ಹೋದೆ.
ಅದೇ ಪ್ಯಾಡು, ಸುತಳಿ ಮಾತ್ರ ಹೊಸದು.
ಹಾಳೆ ತಿರುವಿದರೆ, ಓಂ ಪಕ್ಕ, ಕಳ್ಳ ಸಹಿಯ ಕೆಳಗೆ,
ಕಕ್ಕಿದ ಮಸಿಯ ಹಂಪಮ್ಮ.
ಅವಳ ಮೇಲೆ ಯಾರೋ
ಗುಲಾಬಿ ಹೈಲೈಟರ್ ಎಳೆದು ನೋಡಿದ್ದಾರೆ,
ಹಂ ಇಂದ ಮ್ಮ ತನಕ, ಒಂದೇ ಎಳೆತಕ್ಕೆ,
ಯಾರ ಹೆಸರೆಂದೂ ನೋಡದೆ.

ಈ ಬಣ್ಣದ್ದೊಂದು ಕೊಡಪ್ಪ ಅಂದೆ.
‘ಖಾಲಿ ಆಗ್ಯದ್ರಿ,’ ಅಂದ ಜಿಲಾನಿ,
‘ಮಂಗಳವಾರ ಬರ್ತದ.’