ಏಳನೇ ಪಕ್ಕೆಲುಬು

ಸ್ಟಾಲ್ ನೋಡಲು ಹೋಗುತ್ತೇವೆ ಅಂದದ್ದಕ್ಕೆ
ಆಯಿ ಕೇಳಿದಳು: ಎಂತದ್ದು, ಚಾದ್ದೋ ಮೀನಿಂದೋ?
ಕೈಯನ್ನೇ ರೆಕ್ಕೆ ಮಾಡಿ ತೋರಿಸಿದೆ.
ಮೂಗು ಹೀಗೆ ಏರುತ್ತ ಏರುತ್ತ
ಒಂದು ಕೋನದಲ್ಲಿ ಗಾಳಿ ರೆಕ್ಕೆಯ ಬೆನ್ನು ಬಿಡುತ್ತದೆ.
ಬಿಟ್ಟರೆ?
ಬೀಳುತ್ತದೆ.
ಅದನ್ನು ಹೋಗಿ ನೋಡಬೇಕೇ, ಅಂದಳು
ಬಂಗಡೆಯ ಕಿವಿರು ಕೀಳುತ್ತ.

ಕಾಸರಕೋಡಿನ ಒಣಮೀನಿನ ಅಂಗಳದ ಹಿಂದೆ
ಅಪ್ಪ ಮಚವೆ ಕಟ್ಟುತ್ತಿದ್ದ ಶೆಡ್ಡು.
ಮೂರು ಪೆಟ್ಟಿಗೆಯಲ್ಲಿ ಬಂದಿಳಿಯಿತು ವಿಮಾನ,
ಜತೆಗೆ ಇನ್ನೂರು ಪುಟದ ಪುಸ್ತಕ, ಒಂದು ಚೀಲ ಬೋಲ್ಟು.
ಪಾಸ್ಕೋಲ್ ಲೋಪಿಸ್, ನೌಕಾಪಡೆಯಲ್ಲಿ ಇಪ್ಪತ್ತೆರಡು ವರ್ಷ
ಬೇರೆಯವರ ರೆಕ್ಕೆ ರಿಪೇರಿ ಮಾಡಿದವರು,
ಪುಟ ಓದುತ್ತಿದ್ದರು; ನಾನು ಅಂಟು ಹಚ್ಚುತ್ತಿದ್ದೆ.
ನಾಲ್ಕು ವರ್ಷ.

ಕೊನೆಗೆ ರೆಕ್ಕೆಯ ಮೇಲೆ ಸಾಲಾಗಿ ಉಣ್ಣೆಯೆಳೆ ಅಂಟಿಸಿದೆವು.
ಶಿರಸಿಯ ಅಕ್ಕ ಹೆಣೆದು ಕಳಿಸಿದ ಕೆಂಪು ಸ್ವೆಟರು
(ಹೊನ್ನಾವರದ ಸೆಕೆಗೆ ಯಾರು ಹಾಕುತ್ತಾರೆ)
ಬಿಚ್ಚಿ, ಗೇಣುದ್ದಕ್ಕೆ ಕತ್ತರಿಸಿ, ಒಂದು ತುದಿಗೆ ಟೇಪು.
ಗಾಳಿ ಕಾಣದು; ಎಳೆ ಕಾಣುತ್ತದೆ.

ಇಳಿತದ ಗಟ್ಟಿ ಮರಳಿನಿಂದ ಎದ್ದೆವು.
ಶರಾವತಿಯ ಬಾಯಿ, ಅದರ ಕಂದು ನಾಲಗೆ,
ಬಸವರಾಜದುರ್ಗದ ಚಪ್ಪಟೆ ನೆತ್ತಿ.
ನಾಲ್ಕು ಸಾವಿರ ಅಡಿ. ಎಂಜಿನ್ ತಗ್ಗಿಸಿ
ಪಾಸ್ಕೋಲ್ ಸ್ಟಿಕ್ಕನ್ನು, ಗಾಳದ ದಾರ ಎಳೆದಷ್ಟು ಮೆಲ್ಲಗೆ,
ಹೊಟ್ಟೆಯತ್ತ ಎಳೆದರು.
ಐವತ್ತು. ನಲವತ್ತೈದು. ಓದಿ ಹೇಳುವುದು ನನ್ನ ಕೆಲಸ.
ಸದ್ದು ತೆಳ್ಳಗಾಯಿತು.
ಸೀಟಿನ ಕೆಳಗೆ ಗಡಗಡ, ಜಲ್ಲಿ ಹಾಸಿದ ರಸ್ತೆ.
ಅಷ್ಟು ಮೇಲೆ ಜಲ್ಲಿ ಹಾಸಿದವರು ಯಾರು?
ನಲವತ್ತೊಂದು.
ಹಿಂದಕ್ಕೆ ಮಲಗಿದ್ದ ಎಳೆಗಳು
ನಾಯಿಯ ಬೆನ್ನ ಕೂದಲಿನಂತೆ ನಿಮಿರಿ
ಗಾಳಿ ಬಂದ ದಿಕ್ಕಿಗೇ ಬೆರಳು ಮಾಡಿದವು,
ಎಡಗಡೆ ಮಾತ್ರ. ಬಲಗಡೆಯವು ಇನ್ನೂ ನಿದ್ದೆಯಲ್ಲಿದ್ದವು.

ಎಡರೆಕ್ಕೆ ಕಳಚಿದ ಹಾಗೆ ಬಿತ್ತು. ದಿಗಂತ ನೆಟ್ಟಗೆ ನಿಂತಿತು
ಗೋಡೆಗೆ ಒರಗಿಸಿದ ಹುಟ್ಟಿನಂತೆ.
ಎಳೆ, ಎಳೆ, ಅನ್ನುತ್ತದೆ ಕೈ.
ಕೈಗೇನು ಗೊತ್ತು.
ಪಾಸ್ಕೋಲ್ ಸ್ಟಿಕ್ಕನ್ನು ಮುಂದಕ್ಕೆ, ಕಡಲಿನತ್ತಲೇ ಬಿಟ್ಟು
ಬಲಗಾಲು ಒತ್ತಿದರು.
ಮುನ್ನೂರು ಅಡಿ ಹೋಯಿತು. ಗಾಳಿ ಮತ್ತೆ ಬೆನ್ನು ಹಿಡಿಯಿತು.
ಎಡಕ್ಕೇ ಯಾಕೆ ಮಾರಾಯ, ಅಂದರು.
ಇನ್ನೆರಡು ಸಲ. ಎರಡು ಸಲವೂ ಎಡಕ್ಕೇ.

ಇಳಿದ ಮೇಲೆ ಹೇಳಿದೆ:
ಏಳನೇ ಪಕ್ಕೆಲುಬು. ಆಷಾಢ. ಕರೆಂಟಿರಲಿಲ್ಲ,
ಅಂಟು ಒಣಗಲಿಲ್ಲ, ಮುಂದಿನ ಅಂಚು ಎರಡು ಮಿಲಿಮೀಟರ್ ತಗ್ಗಿತು.
ಪುಟ್ಟಿ ತುಂಬಿ ಉಜ್ಜಿದೆ. ಬಣ್ಣ ಹೊಡೆದೆ.
ಮಚವೆಯಾಗಿದ್ದರೆ ನೀರು ನಡೆಸಿಕೊಳ್ಳುತ್ತಿತ್ತು.

ಪಾಸ್ಕೋಲ್ ಬೈಯಲಿಲ್ಲ. ಅದೇ ಕಷ್ಟ.
ಸಾಗವಾನಿಯ ಒಂದು ಚೂರು ಕೊಟ್ಟರು.
ಮೂರು ಮೂಲೆ ಬರುವಂತೆ ಕೆತ್ತು, ಅಂಗೈ ಉದ್ದ,
ಬಲರೆಕ್ಕೆಯ ಅಂಚಿಗೆ ಅಂಟಿಸು.
ಬಲಕ್ಕೆ? ಅದು ಸರಿ ಇದೆಯಲ್ಲ.
ಅದಕ್ಕೇ, ಅಂದರು. ಎಡದ್ದನ್ನು ಈಗ ಬಿಚ್ಚುವವರು ಯಾರು.
ಎರಡೂ ಒಟ್ಟಿಗೆ ಕೈಬಿಟ್ಟರೆ ನೆಟ್ಟಗೆ ಇಳಿಯುತ್ತದೆ.

ರಾತ್ರಿ ಕೆತ್ತಿದೆ. ಒಳ್ಳೆಯ ರೆಕ್ಕೆಗೆ
ಅಳತೆ ಹಿಡಿದು ಕೇಡು ಹಚ್ಚುವಾಗ
ಉಳಿ ಎರಡು ಸಲ ಜಾರಿತು.

ಮರುದಿನದ ಇಳಿತ. ನಲವತ್ತೆರಡಕ್ಕೆ, ಒಂದು ನಾಟ್ ಬೇಗ,
ಎರಡೂ ಕಡೆಯ ಎಳೆಗಳು ಎದ್ದವು.
ಉಂಡು ತೂಕಡಿಸುವ ಅಜ್ಜನಂತೆ
ಮೂಗು ತಲೆ ಹಾಕಿತು, ಅಷ್ಟೇ.
ಪಾಸ್ಕೋಲ್ ನಕ್ಕರು. ನಾನು ಬಲಗಡೆಯೇ ನೋಡುತ್ತಿದ್ದೆ.

ಸಂಜೆ ಅಕ್ಕನ ಫೋನು:
ಸ್ವೆಟರು ಸರಿಯಾಯಿತೋ?
ಆಯಿತು, ಅಂದೆ.
ತೋಳು ಸ್ವಲ್ಪ ಉದ್ದ.