ಎಂದಿನಂತೆ

ತಂಪುಕೋಣೆ ಇವತ್ತು ಖಾಲಿಯಾಗಬೇಕು.
ಡಂಡೀ. ಕಿಟಕಿಯಾಚೆ ಟೇ ನದಿ
ಕಡಲಿಗೆ ಮೈ ಬಿಟ್ಟು ಬೂದಾಗಿ ಹರಡಿದೆ.
ಬಾಗಿಲ ಹಿಂದೆ, ಮೊಳೆಗೆ, ಅವರ ಕೋಟು,
ಅಲ್ಲ, ಅವರಪ್ಪನದು, ಹಡಗುಕಟ್ಟೆಯಲ್ಲಿ ಮೂಟೆ ಹೊತ್ತವನದು,
ತೋಳು ಎರಡು ಸುತ್ತು ಮಡಿಸಿದ್ದು.
ಜೇಬಲ್ಲಿ ಮೋಟು ಪೆನ್ಸಿಲು, ಶುಂಠಿ ಬಿಸ್ಕತ್ತಿನ ಪುಡಿ.

ಐಲ್ಸಾ ಅನ್ನು, ಸಾಕು, ಅಂದಿದ್ದರು ಮೊದಲ ದಿನವೇ.
ಅಂದೆ, ಹತ್ತೊಂಬತ್ತು ವರ್ಷ.
ಕನ್ನಡದಲ್ಲಿ ನೆನೆದಾಗ ಮಾತ್ರ
ಬಹುವಚನ ತಾನಾಗಿ ಬಂದು ಕುರ್ಚಿ ಎಳೆದು ಕೊಡುತ್ತದೆ.

ತಾಯಿ ಸೆಣಬಿನ ಗಿರಣಿಯವಳು.
ಮಗ್ಗದ ಗದ್ದಲಕ್ಕೆ ಎರಡೂ ಕಿವಿ ಒಪ್ಪಿಸಿ
ಮನೆಯಲ್ಲೂ ತುಟಿಯಲ್ಲೇ, ಬೆರಳಲ್ಲೇ ಮಾತಾಡಿದವಳು.
ಸದ್ದು ಮಾಡದ್ದನ್ನು ನೋಡುವ ಅಭ್ಯಾಸ
ಅಲ್ಲೇ, ಓಟ್ಸ್ ಗಂಜಿಯ ತಟ್ಟೆಯ ಮುಂದೆ, ಆಯಿತಂತೆ.

ಮೂವತ್ತೊಂದು ವರ್ಷ, ಒಂದೇ ಕಿಣ್ವ.
ನಸುಕಿಗೇ ಮೀನುಕಟ್ಟೆ; ಹ್ಯಾಡಕ್ ಮೀನಿನ ಯಕೃತ್ತು
ಬಕೆಟ್ಟಿನ ಮಂಜುಗಡ್ಡೆಯಲ್ಲಿ, ಬಸ್ಸಿನಲ್ಲಿ, ಮಡಿಲಲ್ಲಿ.
ಪಕ್ಕದ ಸೀಟು ಯಾವಾಗಲೂ ಖಾಲಿ.
ಅರೆದು, ಸೋಸಿ, ಉಪ್ಪಲ್ಲಿ ಇಳಿಸಿ, ಮತ್ತೆ ಸೋಸಿ
ಸಂಜೆಗೆ ಶುದ್ಧ ಮಾಡಿಟ್ಟರೆ
ಬೆಳಗಾಗುವಷ್ಟರಲ್ಲಿ ಕಿಣ್ವ ಸತ್ತಿರುತ್ತಿತ್ತು.
ಶುದ್ಧವಾದಷ್ಟೂ ಬೇಗ.
ಅದರ ಆಯುಸ್ಸೇ ಅಷ್ಟು, ಅಂದರು ತಿಳಿದವರು.

ಸತ್ತಿಲ್ಲ, ಅಂದರು ಇವರು. ಜೋಡಿ ಬಿಟ್ಟಿದೆ.
ಎರಡು ತುಂಡು ತಬ್ಬಿ ನಿಂತರೆ ಕೆಲಸ;
ದ್ರಾವಣ ತೆಳುವಾದರೆ ಕೈ ಜಾರಿ
ದೂರ, ದೂರ.
ಸ್ವಲ್ಪ ಗ್ಲಿಸರಿನ್, ಇಷ್ಟೇ ಇಷ್ಟು ಸತು,
ನಾಲ್ಕು ಡಿಗ್ರಿಯ ಚಳಿ.
ಮಾರನೆಯ ಬೆಳಿಗ್ಗೆ ಗಾಜಿನ ನಳಿಗೆಯಲ್ಲಿ
ಹಳದಿ ಏರಿತು,
ಅರಿಸಿನ ಕದಡಿದ ಹಾಗೆ.

ಹನ್ನೊಂದು ಪುಟ ಬರೆದು ಕಳಿಸಿದರು.
"ಇದು ಅಡುಗೆ, ವಿಜ್ಞಾನವಲ್ಲ," ಎಂದು ತಿರುಗಿಸಿತು ಒಂದು ಪತ್ರಿಕೆ.
ಆ ಸಾಲನ್ನು ಕತ್ತರಿಸಿ ಬರ್ನರಿನ ಹಿಂದೆ ಅಂಟಿಸಿದ್ದರು;
ಅಂಚು ಕಂದಿ ಇನ್ನೂ ಇದೆ.

ಆಮೇಲೆ ಊರೂರಿಗೂ ಹೋಯಿತು ಆ ಅಡುಗೆ.
ಮೊದಲು: "ಮೆಲ್ವಿನ್ ಅವರ ದ್ರಾವಣದಲ್ಲಿ, ಅವರು ವಿವರಿಸಿದ ಕ್ರಮದಲ್ಲಿ."
ಹತ್ತು ವರ್ಷಕ್ಕೆ: "ಮೆಲ್ವಿನ್ ದ್ರಾವಣದಲ್ಲಿ."
ಮತ್ತೆ: "ಎಂದಿನಂತೆ."
ಅಷ್ಟೇ. ಅಡಿಟಿಪ್ಪಣಿಯೂ ಇಲ್ಲ.

ಉಲ್ಲೇಖಗಳ ರೇಖೆ ಇಳಿಮುಖ, ಅಂದಿತು ಸಮಿತಿ,
ಕೋಣೆಯ ಅಳತೆ ತೆಗೆಯುತ್ತ.
ನನಗೆ ಸಿಟ್ಟು. ಐಲ್ಸಾಗೆ ಹೆಪ್ಪಿನ ವಿಷಯ ಹೇಳಿದೆ:
ಪಕ್ಕದ ಮನೆಯಿಂದ ತಂದ ಒಂದು ಚಮಚ,
ಬೆಳಗಾದರೆ ಪಾತ್ರೆ ತುಂಬ ನಮ್ಮ ಮೊಸರು,
ಯಾರ ಮನೆಯ ಹೆಪ್ಪು ಎಂದು
ಉಣ್ಣುವವರು ಕೇಳುತ್ತಾರೆಯೇ?
ಅವರು ತುಸು ಯೋಚಿಸಿ ಕೇಳಿದ್ದು:
"ಎಷ್ಟು ಡಿಗ್ರಿಯಲ್ಲಿ?"

ತಪ್ಪೂ ಮಾಡಿದ್ದರು. ಅಡಿಲೇಡಿನಿಂದ ಒಬ್ಬ ಹುಡುಗ,
ಟ್ರೆವರ್ ನಾಂಕಿವೆಲ್, ಹೆದರಿ ಹೆದರಿ ಬರೆದ,
ಸತುವಿನ ಲೆಕ್ಕ ಎರಡು ಪಟ್ಟಾಗಿದೆ ಎಂದು.
ಮೂರು ರಾತ್ರಿ ಮತ್ತೆ ಮಾಡಿ ನೋಡಿ
ಅರ್ಧ ಪುಟದ ತಿದ್ದುಪಡಿ ಅಚ್ಚು ಹಾಕಿಸಿದರು,
ಅವನ ಹೆಸರು ಮೊದಲು.
ತಾನು ಬರೆದುದರಲ್ಲಿ ಅದೇ ಚೆನ್ನ, ಅನ್ನುತ್ತಿದ್ದರು:
ಚಿಕ್ಕದು, ಮತ್ತು ನಿಜ.

ಕೊನೆಯ ಕಪಾಟಿನಲ್ಲಿ ಒಂದು ಶೀಸೆ, ಅವರದೇ ಅಕ್ಷರ:
"ತೆಗೆದುಕೊಂಡವರು ತುಂಬಿಡಿ."
ಅರ್ಧ ಇದೆ. ನಾಳೆ ಈ ಕೋಣೆಯೇ ಇರುವುದಿಲ್ಲ.
ಆದರೂ ತೂಗಿದೆ, ಕದಡಿದೆ, ಕತ್ತಿನವರೆಗೆ ತುಂಬಿದೆ,
ಪೆನ್ಸಿಲಿನಲ್ಲಿ ತಾರೀಖು ಬರೆದೆ.

ಮೋಟಾರು ಆರಿಸಿದಾಗಲೇ ಗೊತ್ತಾದದ್ದು
ಇಷ್ಟು ವರ್ಷ ಅದು ಸದ್ದು ಮಾಡುತ್ತಿತ್ತೆಂದು.
ಹೊರಗೆ ಗಾಳಿ. ಕೋಟು ಹಾಕಿಕೊಂಡೆ.
ತೋಳನ್ನು ನಾನು
ಮೂರು ಸುತ್ತು ಮಡಿಸಬೇಕಾಯಿತು.