ತಪ್ಪಿಗೊಂದು ತಟ್ಟು

ಎರಡೇ ಡಬ್ಬಿಯ ರೈಲು. ಲಾಂಡಿಡ್ನೊ ಜಂಕ್ಷನ್ ಬಿಟ್ಟ ಮೇಲೆ
ಕೈ ಅಡ್ಡ ಹಿಡಿದವರಿಗೆಲ್ಲ ನಿಲ್ಲುತ್ತ ಬಂತು
ನಮ್ಮ ಕಡೆಯ ಟೆಂಪೋ ಹಾಗೆ.
ಆಮೇಲೆ ಸುರಂಗ. ಕಿವಿ ಗವ್ವೆಂದು ಮುಚ್ಚಿಕೊಂಡಿತು.
ನೂರು, ಇನ್ನೂರು ಎಣಿಸಿದೆ, ಮುಗಿಯಲಿಲ್ಲ.
ಪಕ್ಕದ ಮುದುಕಿ ಅಂದಳು: ಈಗ ನಿನಗೂ ನನಗೂ ಒಂದೇ.
ಸಿಟ್ಟು ಬರಬೇಕಿತ್ತು. ನಗು ಬಂತು.

ಬ್ಲೈನೈ ಫೆಸ್ಟಿನಿಯೋಗ್.
ಇಂಥ ಹೆಸರನ್ನೂ ಎಮಿಲ್ಡಾ ಒಂದೇ ಉಸಿರಿಗೆ ಓದಿಯಾಳು ಅಂದುಕೊಂಡಿದ್ದೆ.
ಒಂಬತ್ತು ವರ್ಷ, ಬೆಂದೂರಿನ ಆ ಗೂಡಿನಂಥ ಕೋಣೆಯಲ್ಲಿ
(ಫ್ಯಾನು ಹಾಕಿದರೆ ಸದ್ದು, ಆರಿಸಿದರೆ ಬೆವರು)
ನನ್ನಂಥ ಮಕ್ಕಳಿಗಾಗಿ ಅವಳು ಓದಿದಳು, ನಾನು ಕೇಳಿದೆ.
ತಪ್ಪಿದರೆ ಗಾಜಿಗೆ ಒಂದು ತಟ್ಟು.
ಎಂಟನೇ ಕ್ಲಾಸಿನ ಭೂಗೋಳ, ಸಂಬಳವಿಲ್ಲ,
ಮೂರು ಗಂಟೆಗೊಂದು ಚಹಾ, ಅವಳ ಬಾಯಲ್ಲಿ ಲವಂಗ.
ಪುಟ ತಿರುವುವ ಮುಂಚೆ ಬೆರಳು ನೆಕ್ಕುವ ಸದ್ದನ್ನು
ನಾನೇ ಕತ್ತರಿಸಿ ಎಸೆಯುತ್ತಿದ್ದೆ, ಸಾವಿರ ಸಲ.

ಸ್ಟೇಷನ್ನಿನಲ್ಲಿ ಯಾರೋ ಮೊಣಕೈ ಹಿಡಿದರು.
ಯಾರು? ಎಂದೆ.
ಮರಳು ಜರಡಿ ಹಿಡಿದ ಹಾಗೆ ಏನೋ ಬಂತು: ನಾನೇ.
ಲವಂಗದ ವಾಸನೆ ಸಾಕ್ಷಿ ಹೇಳದಿದ್ದರೆ
ಕೈ ಬಿಡಿಸಿಕೊಳ್ಳುತ್ತಿದ್ದೆ.

ಥೈರಾಯ್ಡ್ ಆಪರೇಷನ್. ಒಂದು ನರ. ಹೋದ ಫೆಬ್ರವರಿ.
ಮೆಸೇಜು ಬರೆಯುತ್ತಲೇ ಇದ್ದಳು, ನನ್ನ ಫೋನು
ತನ್ನದೇ ದನಿಯಲ್ಲಿ ಓದಿ ಹೇಳುತ್ತಲೇ ಇತ್ತು.
ಅದರಲ್ಲಿ ಯಾರ ಗಂಟಲು ಒಡೆದರೂ
ಗೊತ್ತಾಗುವುದಿಲ್ಲ.

ವೃದ್ಧಾಶ್ರಮದಲ್ಲಿ ರಾತ್ರಿಪಾಳಿಯಂತೆ.
ಅಲ್ಲಿ ಪಿಸುಮಾತೇ ಬೇಕು, ಒಳ್ಳೆಯದೇ ಆಯಿತು, ಎಂದಳು
ಗಂಜಿ ಬಡಿಸುತ್ತ.
ಒಪ್ಪಲೋ ಬೇಡವೋ ತಿಳಿಯದೆ ಉಪ್ಪಿನಕಾಯಿ ಕೇಳಿದೆ.

ಶನಿವಾರ ಗುಡ್ಡಕ್ಕೆ ಕರೆದೊಯ್ದಳು.
ಗುಡ್ಡವೆಂದರೆ ಗುಡ್ಡವಲ್ಲ, ಯಾವ ಯಾವ ಕಾಲದವರೋ
ಸೀಳಿ ಬಿಸಾಡಿದ ಸ್ಲೇಟಿನ ಚೂರು. ಕಾಲಿಟ್ಟರೆ
ಮದುವೆಮನೆಯ ತಟ್ಟೆರಾಶಿ ಜಾರಿದ ಸದ್ದು.
ನಿಜವಾದ ಬೆಟ್ಟ ಆಚೆಗಿದೆ ಎಂದು
ನನ್ನ ತೋಳೆತ್ತಿ, ತೋರುಬೆರಳಿಂದ
ಅದರ ಅಂಚು ನಿಧಾನ ಬರೆಸಿದಳು:
ಇಲ್ಲಿ ಏರು, ಇಲ್ಲಿ ಕತ್ತು, ಇಲ್ಲಿಂದ ಮೋಡ.
ಮೋಡದಲ್ಲಿ ಕೈ ಬಿಟ್ಟಳು.

ಒಂದು ಹಲ್ಲೆ ಆರಿಸಿ ಕೊಟ್ಟಳು. ತಣ್ಣಗೆ. ಉಗುರು ತಾಗಿ ಮೈ ಜುಮ್ಮೆಂದಿತು.
ಅಣ್ಣನ ಸ್ಲೇಟು ನೆನಪಾಯಿತು, ಮುಟ್ಟಲು ಮಾತ್ರ ಬಿಡುತ್ತಿದ್ದ;
ಅವನು ಉಗುಳಿ ಒರೆಸಿದ್ದರಲ್ಲಿ, ಒರೆಸದೆ ಬಿಟ್ಟಿದ್ದರಲ್ಲಿ
ನನ್ನ ಬೆರಳಿಗೆ ಏನೇನೂ ವ್ಯತ್ಯಾಸ ಸಿಗುತ್ತಿರಲಿಲ್ಲ.

ರೂಪಾಂತರ ಶಿಲೆ, ಎಂದೆ.
ಆ ಪಾಠದಲ್ಲಿ, ಆ ಪದಕ್ಕೇ ಹನ್ನೊಂದು ಸಲ ಎಡವಿದ್ದಳು.
ಹನ್ನೊಂದು ತಟ್ಟು. ನಕ್ಕಳು.
ನಗು ಹಳೆಯದೇ.
ಅಥವಾ ನನಗೆ ಹಾಗೆ ಬೇಕಿತ್ತು.

ಭಾನುವಾರ ಇಗರ್ಜಿಗೆ ಹೋಗಲಿಲ್ಲ ಅವಳು.
ಊಟದ ಮೇಜಿನ ಮೇಲೆ ರೆಕಾರ್ಡರ್ ಇಟ್ಟ ಸದ್ದು,
ಕುರ್ಚಿ ಎಳೆದು ಎದುರಿಗೇ ಕೂತ ಸದ್ದು.
ಓದು, ಎಂದಳು, ನಾನು ಕೇಳುತ್ತೇನೆ.
ನನ್ನ ಬೆರಳು ಬಹಳ ನಿಧಾನ ಎಂದೆ.
ರೈಲು ಸಂಜೆಗಲ್ಲವೇ ಎಂದಳು.

ಬ್ಯಾಗಿನಲ್ಲಿತ್ತು ಹೊಸ ಪಠ್ಯದ ಭೂಗೋಳ, ಬ್ರೈಲ್.
ಚುಕ್ಕಿಗಳ ಮೇಲೆ ಬೆರಳು, ಬೆರಳ ಹಿಂದೆ ದನಿ,
ಎತ್ತಿನಗಾಡಿಯ ಹಿಂದೆ ನಾಯಿ ಬಂದ ಹಾಗೆ.
ಹೊರಗೆಲ್ಲೋ ಒಂದಿಷ್ಟು ಸ್ಲೇಟು ತಾನಾಗಿ ಜಾರಿತು.
ಅದೂ ರೆಕಾರ್ಡಾಗಿರಬೇಕು.
ಮೂರನೆಯ ಸಾಲಿಗೆ ನಾಲಿಗೆ ತಪ್ಪಿ
"ಸಿಲೆ" ಎಂದೆ.

ಟಕ್.